ದೀಪ ಆರಿದ ಮೇಲಿನ ಟ್ಯಾಂಕ್: ಮೀನುಗಳ ಜೊತೆ ಕ್ರೇಫಿಶ್, ಏಡಿ ಬಿಟ್ಟ ಒಂದು ಮನೆಯ ಪ್ರಕರಣ

ಇದು ಕಲಬುರಗಿಯ ಒಂದು ಮನೆಯಲ್ಲಿ ಹೋದ ವರ್ಷದ ದೀಪಾವಳಿಯಿಂದ ಈ ವರ್ಷದ ಮಳೆಗಾಲದವರೆಗೆ ನಡೆದದ್ದು. ಮನೆಯವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಮನೆಯ ಯಜಮಾನರು ಶಾಲೆಯಲ್ಲಿ ಪಾಠ ಮಾಡುವವರು, ಹಾಗಾಗಿ ಇಲ್ಲಿ ಮಾಸ್ತರ್ ಅಂತ ಕರೆಯುತ್ತೇನೆ. ಅವರ ಹೆಂಡತಿ, ಎಂಟನೇ ತರಗತಿ ಓದುವ ಮಗ, ಮಾಸ್ತರ್ ಅವರ ತಂದೆ ಇಷ್ಟು ಜನ. ನಾನು ಸುಮಾರು 14 ವರ್ಷದಿಂದ ಮೀನು ಸಾಕುತ್ತಿದ್ದೇನೆ. ಪರಿಚಯದವರ ಟ್ಯಾಂಕ್‌ನಲ್ಲಿ ಏನಾದರೂ ಆದರೆ ಫೋನ್ ನನಗೇ ಬರುತ್ತದೆ.

ಟ್ಯಾಂಕ್ ಮತ್ತು ಹೊಸಬರು

ಮೂರು ಅಡಿಯ ಟ್ಯಾಂಕ್, ಸುಮಾರು 150 ಲೀಟರ್ ನೀರು. ಎರಡು ವರ್ಷದಿಂದ ಚೆನ್ನಾಗಿ ನಡೆಯುತ್ತಿತ್ತು. ಎರಡು ಏಂಜಲ್ ಮೀನು, ಒಂದಷ್ಟು ಮಾಲಿ ಮತ್ತು ಗಪ್ಪಿ ಮೀನು, ತಳದಲ್ಲಿ ಓಡಾಡುವ 6 ಕೋರಿಡೋರಾಸ್ ಮೀನು, ಗಾಜಿನ ಮೇಲೆ ಬಸವನಹುಳುಗಳು. ಬೋರ್ ನೀರು ಹಾಕುತ್ತಿದ್ದರು. ನಮ್ಮ ಊರಿನ ಬೋರ್ ನೀರು ಗೊತ್ತಲ್ವಾ, ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುವಷ್ಟು ಗಡಸು. ಈ ಗಡಸು ನೀರಿನ ವಿಷಯ ಮುಂದೆ ಎರಡು ಸಲ ಬರುತ್ತದೆ.

ದೀಪಾವಳಿ ರಜೆಯಲ್ಲಿ ಹೈದರಾಬಾದ್‌ಗೆ ಹೋದವರು ಎರಡು ‘ಬ್ಲೂ ಲಾಬ್‌ಸ್ಟರ್’, ಎರಡು ಕೆಂಪು ಇಕ್ಕಳದ ಏಡಿ ತಂದರು. ಎಲ್ಲ ಸಿಹಿನೀರಿನವೇ, ಮೀನಿನ ಜೊತೆ ಇರುತ್ತವೆ ಅಂತ ಅಂಗಡಿಯವರು ಹೇಳಿದ್ದರಂತೆ. ಲಾಬ್‌ಸ್ಟರ್ ಅನ್ನುವುದು ಸಮುದ್ರದ ಪ್ರಾಣಿ, ಸಿಹಿನೀರಿನಲ್ಲಿ ಬದುಕುವುದಿಲ್ಲ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಕ್ರೇಫಿಶ್, ಅಂದರೆ ಲಾಬ್‌ಸ್ಟರ್ ಹಾಗೆಯೇ ಕಾಣುವ, ಇಕ್ಕಳ ಇರುವ ಸಿಹಿನೀರಿನ ಪ್ರಾಣಿ. ಅದರಲ್ಲೂ ಜಾತಿ ಹಲವು. ನೀಲಿ ಬಣ್ಣದ್ದಕ್ಕೆಲ್ಲ ಒಂದೇ ಹೆಸರು ಹೇಳಿ ಮಾರುತ್ತಾರೆ. ಯಾವ ಜಾತಿ, ಎಷ್ಟು ದೊಡ್ಡದಾಗುತ್ತದೆ ಅಂತ ಮಾಸ್ತರ್ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಂದಾಗ ಎರಡೂ ಬೆರಳುದ್ದ ಇದ್ದವು. ಒಂದು ತುಸು ದೊಡ್ಡದು, ಒಂದು ಚಿಕ್ಕದು.

ಮೊದಲ ವಾರ ಮನೆಯವರೆಲ್ಲ ಟಿವಿ ಬಿಟ್ಟು ಟ್ಯಾಂಕ್ ಮುಂದೆ ಕೂತರು. ಕ್ರೇಫಿಶ್ ಹಗಲೆಲ್ಲ ಅಲಂಕಾರದ ಮುರಿದ ಹಡಗಿನ ಹೊಟ್ಟೆಯಲ್ಲಿ ಕೂತು ಮೀಸೆ ಮಾತ್ರ ಹೊರಗೆ ಆಡಿಸುತ್ತಿದ್ದವು. ಏಡಿಗಳು ಫಿಲ್ಟರ್ ಪೈಪ್ ಹತ್ತಿ ನೀರಿನ ಮೇಲಕ್ಕೆ ಬಂದು ಕೂರುತ್ತಿದ್ದವು. ಆಟ ಆಡ್ತಾವ ಅಂದುಕೊಂಡರು. ಆಟ ಅಲ್ಲ ಅದು, ನೀರಿನಿಂದ ಹೊರಗೆ ಹೋಗಲು ಜಾಗ ಹುಡುಕುತ್ತಿದ್ದವು.

ಒಂದರ ಹಿಂದೆ ಒಂದು

ಒಂಬತ್ತನೇ ದಿನ ಒಂದು ಏಡಿ ಕಾಣಲಿಲ್ಲ. ಮೂರು ದಿನ ಬಿಟ್ಟು ಚಪ್ಪಲಿ ಸ್ಟ್ಯಾಂಡ್ ಹಿಂದೆ ಒಣಗಿ ಸಿಕ್ಕಿತು. ಟ್ಯಾಂಕ್ ಮುಚ್ಚಳದಲ್ಲಿ ಪೈಪ್, ವೈರ್ ಬರಲು ಮೂಲೆ ಕತ್ತರಿಸಿರುತ್ತಾರಲ್ಲ, ಆ ಸಂದಿಯಿಂದಲೇ ಹೊರಗೆ ಬಿದ್ದಿದೆ. ಏಡಿ, ಕ್ರೇಫಿಶ್ ಎರಡೂ ಏರ್ ಪೈಪ್ ಹಿಡಿದು ಸಲೀಸಾಗಿ ಹತ್ತುತ್ತವೆ. ಎರಡು ಬೆರಳಿನಷ್ಟು ಸಂದಿ ಇದ್ದರೆ ಸಾಕು. ಮಾಸ್ತರ್ ಸಂದಿಗೆ ಸ್ಪಾಂಜ್ ತುರುಕಿದರು.

ಮೂರನೇ ವಾರ ಮನೆಯಾಕೆ ಸಂಜೆ ನೋಡಿದಾಗ ಚಿಕ್ಕ ಕ್ರೇಫಿಶ್ ಅಡ್ಡ ಬಿದ್ದಿತ್ತು, ಅಲುಗಾಡುತ್ತಿರಲಿಲ್ಲ. ಸತ್ತಿದೆ ಅಂತ ಜಾಳಿಗೆಯಲ್ಲಿ ತೆಗೆದು ಹೊರಗೆ ಎಸೆದರು. ಆಮೇಲೆ ಅವರೇ ನನಗೆ ಹೇಳಿದ್ದು ಹೀಗೆ: “ಸತ್ತದ ಅಂತ ತಗದ ಒಗದೆನ್ರಿ ಅಣ್ಣಾ, ಮುಂಜಾನೆ ನೋಡಿದ್ರ ಎರಡೂ ಒಳಗೇ ಅದಾವ!”

ಅವರು ಎಸೆದದ್ದು ಬರೀ ಚಿಪ್ಪು. ಕ್ರೇಫಿಶ್ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಲೇಬೇಕು. ಬೆನ್ನಿನ ಚಿಪ್ಪು ಬಾಲ ಸೇರುವ ಕಡೆ ಬಿರಿಯುತ್ತದೆ, ಪ್ರಾಣಿ ಅಡ್ಡ ಮಲಗಿ ಒಂದೇ ಸಲ ಹಿಂದಕ್ಕೆ ಎಳೆದುಕೊಂಡು ಹೊರಗೆ ಬರುತ್ತದೆ. ಮೀಸೆ, ಕಣ್ಣಿನ ಮೇಲಿನ ಪೊರೆ, ಕಾಲು ಎಲ್ಲ ಹಾಗೇ ಉಳಿಯುವುದರಿಂದ ಖಾಲಿ ಚಿಪ್ಪು ಥೇಟ್ ಸತ್ತ ಪ್ರಾಣಿಯಂತೆ ಕಾಣುತ್ತದೆ. ಎತ್ತಿ ನೋಡಿದರೆ ಹಗುರ, ಬೆಳಕಿಗೆ ಹಿಡಿದರೆ ಒಳಗೆ ಏನೂ ಇಲ್ಲ. ಅದನ್ನು ತೆಗೆಯಬಾರದು. ಹೊಸ ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅದಕ್ಕಾಗಿ ಕ್ರೇಫಿಶ್ ತನ್ನ ಹೊಟ್ಟೆಯಲ್ಲೇ ಎರಡು ಬಿಳಿ ಸುಣ್ಣದ ಗುಂಡು ಕೂಡಿಟ್ಟುಕೊಂಡಿರುತ್ತದೆ, ಉಳಿದದ್ದನ್ನು ಹಳೆಯ ಚಿಪ್ಪು ತಿಂದು ಪಡೆಯುತ್ತದೆ. ಹಾಗೆ ಗಟ್ಟಿಯಾಗುವವರೆಗೆ ಮೈ ಒದ್ದೆ ಕಾಗದದ ಹಾಗೆ ಮೆತ್ತಗೆ. ಆಗ ಅದಕ್ಕೆ ಬೇಕಾಗಿರುವುದು ಅಡಗಲು ಒಂದು ಜಾಗ. ಇಲ್ಲಿ ಇದ್ದದ್ದು ಒಂದೇ ಹಡಗು. ಅದರೊಳಗೆ ದೊಡ್ಡದು ಕೂತಿತ್ತು.

ಮರುದಿನ ಚಿಕ್ಕದರ ಒಂದು ಇಕ್ಕಳ, ಬಾಲದ ತುಂಡು ಮಾತ್ರ ಉಳಿದಿದ್ದವು. ಜಗಳ ಆಡ್ಯಾವ ಅಂತ ಮನೆಯವರು ಸುಮ್ಮನಾದರು. ಇಲ್ಲಿಯವರೆಗೆ ನನಗೆ ಯಾರೂ ಫೋನ್ ಮಾಡಿರಲಿಲ್ಲ.

ಐದನೇ ವಾರದ ಹೊತ್ತಿಗೆ 6 ಕೋರಿಡೋರಾಸ್‌ನಲ್ಲಿ 3 ಉಳಿದಿದ್ದವು. ಒಂದರ ಹೆಣವೂ ಸಿಗಲಿಲ್ಲ. ಏಂಜಲ್‌ಗಳ ಬಾಲ, ಕೆಳಗಿನ ಉದ್ದ ರೆಕ್ಕೆ ಹರಿದಿದ್ದವು. ಮಾಸ್ತರ್ ಮೊಬೈಲ್‌ನಲ್ಲಿ ಚಿತ್ರ ನೋಡಿ ರೆಕ್ಕೆ ಕೊಳೆಯುವ ರೋಗ ಅಂತ ತೀರ್ಮಾನ ಮಾಡಿದರು. ಹಗಲಲ್ಲಿ ನೋಡಿದ ಯಾರಿಗೇ ಆದರೂ ಹಾಗೇ ಅನಿಸುತ್ತದೆ. ಹಗಲಲ್ಲಿ ಕ್ರೇಫಿಶ್ ಹಡಗು ಬಿಟ್ಟು ಅಲುಗುವುದಿಲ್ಲ. ಮೀನು ಹಿಡಿಯುವುದನ್ನು ಯಾರೂ ನೋಡಿಲ್ಲ. ಹಾಗಾದರೆ ರೋಗವೇ ಇರಬೇಕು, ಅಲ್ವಾ?

ಔಷಧದ ರಾತ್ರಿ

ಡಿಸೆಂಬರ್‌ನ ಒಂದು ರಾತ್ರಿ 9 ಗಂಟೆಗೆ ಹುಡುಗನ ಫೋನ್ ಬಂತು. “ಕಾಕಾ, ಈ ಔಷಧ ಪೂರಾ ಹಾಕಬೇಕಾ? ಪಪ್ಪಾ ಈಗ ಅರ್ಧ ಹಾಕ್ಯಾರ.” ಬಾಟಲಿಯ ಫೋಟೋ ಕಳಿಸು ಅಂದೆ. ಲೇಬಲ್‌ನ ಎರಡನೇ ಸಾಲಿನಲ್ಲೇ ಕಾಪರ್ ಸಲ್ಫೇಟ್ ಇತ್ತು, ಅಂದರೆ ಮೈಲುತುತ್ತು.

ಈ ಪ್ರಕರಣದಲ್ಲಿ ಒಂದೇ ಒಂದು ಮಾತು ನೆನಪಿಡಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ. ಮೀನಿನ ಪರಾವಲಂಬಿ ರೋಗಗಳಿಗೆ ಕೊಡುವ ಎಷ್ಟೋ ಔಷಧಗಳಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣವನ್ನು ಕ್ರೇಫಿಶ್, ಏಡಿ, ಸೀಗಡಿ, ಬಸವನಹುಳು ತಡೆದುಕೊಳ್ಳುವುದಿಲ್ಲ. ಕ್ರೇಫಿಶ್ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವೇ, ಆದರೂ ನೀರಿನಲ್ಲಿ ಅದು ಜಾಸ್ತಿಯಾದರೆ ಕಿವಿರು ಕೆಡುತ್ತದೆ. ಔಷಧ ಸುರಿಯುವ ಮುಂಚೆ ಲೇಬಲ್ ಓದಿ. ಲೇಬಲ್ ಇಲ್ಲದ ಬಾಟಲಿ ಇದ್ದರೆ ಹಾಕಲೇಬೇಡಿ.

ಫೋನ್‌ನಲ್ಲೇ ಹೇಳುತ್ತಾ ಹೋದೆ. ಮೊದಲು ಟ್ಯಾಂಕ್ ನೀರು ಬದಲಿಸಲು ಹೋಗಬೇಡಿ, ಕ್ರೇಫಿಶ್ ಮತ್ತು ಏಡಿಯನ್ನು ಹೊರಗೆ ತೆಗೆಯಿರಿ. ಡ್ರಮ್‌ನಲ್ಲಿ ನಿಲ್ಲಿಸಿಟ್ಟ ನೀರು ಇತ್ತು, ಎರಡು ಬಕೆಟ್‌ಗೆ ಅದನ್ನು ಹಾಕಿ, ಕ್ರೇಫಿಶ್ ಬಕೆಟ್‌ಗೆ ಏರ್ ಪಂಪ್ ಪೈಪ್ ಬಿಟ್ಟು, ಏಡಿ ಬಕೆಟ್‌ನಲ್ಲಿ ನೀರಿನ ಮೇಲೆ ಏಳುವಂತೆ ಇಟ್ಟಿಗೆ ಇಟ್ಟು, ಎರಡಕ್ಕೂ ರಂಧ್ರದ ಮುಚ್ಚಳ ಮುಚ್ಚಿದರು. ಆಮೇಲೆ ಟ್ಯಾಂಕ್‌ನ ಅರ್ಧ ನೀರು ಬದಲಿಸಿದರು, ಮರುದಿನ ಮತ್ತೆ ಅರ್ಧ. ಫಿಲ್ಟರ್‌ಗೆ ಕಾರ್ಬನ್ ಚೀಲ ಹಾಕಿದೆವು.

ಬೆಳಿಗ್ಗೆ ಬಸವನಹುಳುಗಳೆಲ್ಲ ಗಾಜು ಬಿಟ್ಟು ತಳಕ್ಕೆ ಬಿದ್ದಿದ್ದವು. ಕ್ರೇಫಿಶ್ ಎರಡು ದಿನ ಬಕೆಟ್‌ನಲ್ಲಿ ಕಾಲು ಅಲುಗಿಸದೆ ಕೂತಿತ್ತು, ಮೂರನೇ ದಿನ ಹುಡುಗ ಹಾಕಿದ ಬೇಯಿಸಿದ ಬಟಾಣಿ ಹಿಡಿದುಕೊಂಡಿತು. ಅದು ಬದುಕಿದ್ದಕ್ಕೆ ಎರಡು ಕಾರಣ ಅಂತ ನನ್ನ ಲೆಕ್ಕ. ಹುಡುಗ ಅರ್ಧದಲ್ಲೇ ಫೋನ್ ಮಾಡಿದ್ದು ಒಂದು. ಗಡಸು ನೀರಿನಲ್ಲಿ ತಾಮ್ರದ ವಿಷ ಸ್ವಲ್ಪ ಕಡಿಮೆ ತಾಗುತ್ತದೆ ಅನ್ನುವುದು ಇನ್ನೊಂದು. ಇದೇ ಬಾಟಲಿ ಮೆತ್ತನೆಯ ನೀರಿನ ಊರಿನಲ್ಲಿ ಹಾಕಿದ್ದರೆ ಬಹುಶಃ ಉಳಿಯುತ್ತಿರಲಿಲ್ಲ.

ಕೆಂಪು ಕಾಗದದ ಟಾರ್ಚ್

ರೋಗ ಅಲ್ಲ ಅಂತ ನನಗೆ ಅನುಮಾನ ಇತ್ತು. ಆದರೆ ಅನುಮಾನದ ಮೇಲೆ ಇನ್ನೊಂದು ತಪ್ಪು ಮಾಡಿಸುವುದು ಬೇಡ, ಕಣ್ಣಾರೆ ನೋಡೋಣ ಅಂತ ಅನಿಸಿತು. ನಾಲ್ಕೈದು ದಿನದಲ್ಲಿ ಇನ್ನೂ ಎರಡು ಸಲ ನೀರು ಬದಲಿಸಿ ಕ್ರೇಫಿಶ್ ಅನ್ನು ವಾಪಸ್ ಬಿಟ್ಟೆವು. ಒಂದು ಶನಿವಾರ ಊಟ ಮುಗಿಸಿ ಅವರ ಮನೆಗೆ ಹೋದೆ. ಹುಡುಗ ತನ್ನ ಕ್ರಾಫ್ಟ್ ಡಬ್ಬಿಯಿಂದ ಕೆಂಪು ಜಿಲೆಟಿನ್ ಕಾಗದ ತಂದ, ಟಾರ್ಚ್ ಬಾಯಿಗೆ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆವು. ಕೆಂಪು ಬೆಳಕಿಗೆ ಇವು ಅಷ್ಟಾಗಿ ಬೆದರುವುದಿಲ್ಲ. ಹತ್ತು ಗಂಟೆಗೆ ಮನೆಯ ದೀಪ ಎಲ್ಲ ಆರಿಸಿ ಚಾಪೆ ಮೇಲೆ ಕೂತೆವು.

ಹತ್ತೂವರೆಯವರೆಗೆ ಏನೂ ಇಲ್ಲ. ಆಮೇಲೆ ಹಡಗಿನ ಕಿಂಡಿಯಿಂದ ಮೊದಲು ಎರಡು ಮೀಸೆ, ಹಿಂದೆಯೇ ಇಕ್ಕಳ ಹೊರಗೆ ಬಂದವು. ಹಗಲಲ್ಲಿ ನೋಡಿದ ಸೋಮಾರಿ ಪ್ರಾಣಿ ಇದಲ್ಲ. ತಳದ ಕಲ್ಲುಗಳ ಮೇಲೆ ಮೀಸೆಯಿಂದ ಒಂದೊಂದೇ ಮುಟ್ಟಿ ನೋಡುತ್ತಾ, ಕಾಲಿನ ತುದಿಯಲ್ಲಿ ಮೂಲೆ ಮೂಲೆ ಕೆದಕುತ್ತಾ ಟ್ಯಾಂಕ್ ಉದ್ದಕ್ಕೂ ಸುತ್ತಿತು. ಮೂಲೆಯಲ್ಲಿ ಒಂದು ಕೋರಿಡೋರಾಸ್ ಹೊಟ್ಟೆ ನೆಲಕ್ಕೆ ಹಚ್ಚಿ ನಿದ್ದೆಯಲ್ಲಿತ್ತು. ಕ್ರೇಫಿಶ್‌ನ ಮೀಸೆ ಅದರ ಬೆನ್ನಿಗೆ ತಾಗಿತು. ಒಂದು ಕ್ಷಣ ನಿಂತಿತು. ಆಮೇಲೆ ಇಕ್ಕಳ ಮುಚ್ಚಿದ್ದು ಕಾಣಲೇ ಇಲ್ಲ, ಮಣ್ಣು ಎದ್ದದ್ದಷ್ಟೇ ಕಂಡಿತು. ಮೀನು ಕೊಸರಿ ಮೇಲಕ್ಕೆ ಹಾರಿತು, ಬಾಲದ ಕಾಲುಭಾಗ ಇಕ್ಕಳದಲ್ಲೇ ಉಳಿಯಿತು. ಅದನ್ನು ನಿಧಾನ ಬಾಯಿಗೆ ಇಟ್ಟುಕೊಂಡಿತು. ಹುಡುಗ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದ. ಮಾಸ್ತರ್ ಬಹಳ ಹೊತ್ತಿನ ಮೇಲೆ ಕೇಳಿದರು, “ಹಂಗಾದ್ರ ರೋಗ ಇರಲೇ ಇಲ್ಲೇನ್ರಿ?”

ಇರಲಿಲ್ಲ. ತಳದಲ್ಲಿ ಮಲಗುವ ಮೀನು, ಉದ್ದ ರೆಕ್ಕೆಯ ನಿಧಾನ ಮೀನು, ಈ ಎರಡು ಬಗೆಯವೇ ಹೋಗಿದ್ದು, ಹರಿದದ್ದು. ನೀರಿನ ಮೇಲ್ಭಾಗದಲ್ಲೇ ಇರುವ ಗಪ್ಪಿಗಳಿಗೆ ಹೆಚ್ಚೇನೂ ಆಗಿರಲಿಲ್ಲ. ರೋಗ ಆಗಿದ್ದರೆ ಹೀಗೆ ಆರಿಸಿಕೊಂಡು ಬರುತ್ತಿರಲಿಲ್ಲ.

ಏನು ಮಾಡುವುದು ಅನ್ನುವ ಮಾತು

ಆ ರಾತ್ರಿಯೇ ಬೇರೆ ಟ್ಯಾಂಕ್ ಮಾಡಿ ಅಂತ ಹೇಳಿದೆ. ಮನೆಯವರಿಗೆ ಒಟ್ಟಿಗೇ ಇರಲಿ ಅನ್ನುವ ಆಸೆ ಬಿಡಲಿಲ್ಲ, ಖರ್ಚಿನ ಮಾತೂ ಇತ್ತು. ಹೊಟ್ಟೆ ತುಂಬಿದ್ದರೆ ಮೀನು ಹಿಡಿಯುವುದಿಲ್ಲ ಅಂತ ಹೇಳುವವರು ತುಂಬ ಜನ ಇದ್ದಾರೆ. ಸರಿ, ನೋಡೋಣ ಅಂತ ದೀಪ ಆರಿಸುವ ಮುಂಚೆ ಮುಳುಗುವ ಪೆಲೆಟ್, ಬೇಯಿಸಿದ ಪಾಲಕ್, ಬಟಾಣಿ ಕೊಡುತ್ತಾ ಬಂದರು. ಪ್ಲಂಬಿಂಗ್ ಪೈಪ್ ತುಂಡು ಹಾಕಿ ಅಡಗುವ ಜಾಗ ನಾಲ್ಕು ಮಾಡಿದೆವು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೇ ಬೆಳಿಗ್ಗೆ ಇನ್ನೊಂದು ಕೋರಿಡೋರಾಸ್ ಇಲ್ಲ. ಹೊಟ್ಟೆ ತುಂಬಿಸಿದರೆ ದಾಳಿ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಇಕ್ಕಳಕ್ಕೆ ಸಿಕ್ಕಿದ್ದನ್ನು ಬಿಡುವ ಸ್ವಭಾವ ಅದಕ್ಕಿಲ್ಲ, ಅದು ಅದರ ತಪ್ಪೂ ಅಲ್ಲ.

ಆಗ ಮನೆಯ ಹಿರಿಯರು ಒಂದು ದಾರಿ ಹೇಳಿದರು. “ತಮ್ಮಾ, ಅದನ್ನ ಅಪ್ಪನ ಕೆರ್ಯಾಗ ಬಿಟ್ಟ ಬರ್ರಿ. ಅದರ ಪಾಡಿಗೆ ಅದು ಬದುಕ್ತದ, ಪುಣ್ಯಾ ಬರ್ತದ.” ಅಪ್ಪನ ಕೆರೆ ಅಂದರೆ ನಮ್ಮ ಊರಿನ ಕೆರೆ. ಪ್ರೀತಿಯಿಂದಲೇ ಹೇಳಿದ್ದು. ಅವರ ಹತ್ತಿರ ಕೂತು ವಿವರವಾಗಿ ಹೇಳಿದೆ. ಕ್ರೇಫಿಶ್ ನಮ್ಮ ದೇಶದ್ದಲ್ಲ, ಭಾರತದಲ್ಲಿ ಮೂಲದಿಂದ ಇದ್ದ ಕ್ರೇಫಿಶ್ ಜಾತಿಯೇ ಇಲ್ಲ. ನಮ್ಮ ಹೊಲ, ಹಳ್ಳದಲ್ಲಿ ಇರುವುದು ಏಡಿ. ಕ್ರೇಫಿಶ್ ಕೆರೆಗೆ ಹೋದರೆ ಅಲ್ಲಿಯ ಮೀನಿನ ಮೊಟ್ಟೆ, ಗಿಡ, ಏಡಿಮರಿ ಎಲ್ಲ ತಿನ್ನುತ್ತದೆ, ದಂಡೆ ಕೊರೆಯುತ್ತದೆ. ಬಿಡುವುದು ಒಂದನ್ನೇ ಅಲ್ವಾ ಅನ್ನಬಹುದು. ಮಾರ್ಬಲ್ಡ್ ಕ್ರೇಫಿಶ್ ಅಂತ ಒಂದು ಜಾತಿ ಇದೆ, 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಗಮನಕ್ಕೆ ಬಂದದ್ದು. ಎಲ್ಲವೂ ಹೆಣ್ಣು. ಗಂಡಿಲ್ಲದೆಯೇ ಮರಿ ಮಾಡುತ್ತದೆ. ಮಡಗಾಸ್ಕರ್‌ನಲ್ಲಿ ಅದು ಗದ್ದೆ, ಕೆರೆಗಳಿಗೆಲ್ಲ ಹರಡಿಬಿಟ್ಟಿದೆ. ಒಂದು ಸಾಕು, ಕೆರೆ ತುಂಬಲು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರ ಬ್ಯಾಡ, ಮನ್ಯಾಗೇ ಇರಲಿ ಅಂದರು. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ನಿರ್ಧಾರ ಅದೇ.

ಎರಡು ಅಡಿಯ ಇನ್ನೊಂದು ಟ್ಯಾಂಕ್ ಬಂತು. ಹಳೆಯ ಗ್ರ್ಯಾವೆಲ್ ಒಂದು ಹಿಡಿಯೂ ತರಲಿಲ್ಲ, ಯಾಕೆಂದರೆ ಔಷಧದ ತಾಮ್ರ ಕಲ್ಲಿಗೆ ಅಂಟಿಕೊಂಡು ಆಮೇಲೆ ನಿಧಾನ ಬಿಡಬಹುದು. ನೀರಿನ ಹೊಲಸು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಬೇಕು ಅಂತ ನನ್ನ ಮನೆಯ ಟ್ಯಾಂಕ್‌ನಲ್ಲಿ ಓಡುತ್ತಿದ್ದ ಸ್ಪಾಂಜ್ ಫಿಲ್ಟರ್ ತಂದು ಹಾಕಿದೆ. ಗುಹೆಗೆ ದುಡ್ಡು ಕೊಡಲಿಲ್ಲ. ಶಹಾಬಾದ್ ಕಲ್ಲಿನ ತುಂಡು ನಮ್ಮ ಕಡೆ ಯಾವ ಮನೆಯ ಹಿತ್ತಲಲ್ಲಿ ಇಲ್ಲ? ನೆಲಕ್ಕೆ ಹಾಕಿ ಉಳಿದದ್ದನ್ನು ತೊಳೆದು, ಎರಡರ ಮೇಲೆ ಒಂದು ಚಪ್ಪಡಿ ಇಟ್ಟು, ಜಾರದಂತೆ ಸಿಲಿಕಾನ್ ಹಾಕಿ ಎರಡು ಗುಹೆ ಮಾಡಿದೆವು. ಅದು ಸುಣ್ಣದ ಕಲ್ಲು, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಎಷ್ಟೋ ಮೀನುಗಳಿಗೆ ಅದು ಬೇಡ. ಚಿಪ್ಪು ಕಟ್ಟಬೇಕಾದ ಕ್ರೇಫಿಶ್‌ಗೆ ಬೇಕಾದದ್ದೇ ಅದು. ಲವ್ ಬರ್ಡ್ಸ್ ಪಂಜರಕ್ಕೆ ಕಟ್ಟುವ ಬಿಳಿ ಸಮುದ್ರ ನೊರೆಯ (ಕಟಲ್‌ಬೋನ್) ತುಂಡೂ ಒಂದು ಹಾಕಿದೆವು.

ಏಡಿಯ ವಿಷಯ

ಇದನ್ನು ಬರೆಯುವಾಗ ಬೇಜಾರಾಗುತ್ತದೆ. ಉಳಿದ ಆ ಒಂದು ಏಡಿ ಮ್ಯಾಂಗ್ರೋವ್ ಕೆಸರಿನ ಜಾತಿ. ಹೊಳೆ ಸಮುದ್ರ ಸೇರುವ ಕಡೆಯ ಸವಳು ನೀರು ಬೇಕು, ಏರಿ ಕೂರಲು ಒಣ ನೆಲ ಬೇಕು. ಪೂರ್ತಿ ಸಿಹಿನೀರಿನಲ್ಲಿ ಮುಳುಗಿಸಿಟ್ಟರೆ ಕೆಲವು ವಾರ, ತಿಂಗಳು ದೂಡುತ್ತದೆ ಅಷ್ಟೇ. ಅದಕ್ಕಾಗಿಯೇ ಅಂಗಡಿಯಲ್ಲಿ ಆರಾಮವಾಗಿ ಇರುವ ಹಾಗೆ ಕಾಣುತ್ತದೆ. ಅಡುಗೆ ಉಪ್ಪು ಹಾಕಿದರೆ ನಡೀತದೇನ್ರಿ ಅಂತ ಮಾಸ್ತರ್ ಕೇಳಿದರು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುತ್ತದೆ, ಅಡುಗೆ ಉಪ್ಪಿನಲ್ಲಿ ಅವಿಲ್ಲ. ಊರಲ್ಲಿ ನಾವು ಕೇಳಿದ ಕಡೆ ಮರೈನ್ ಸಾಲ್ಟ್ ಸಿಗಲಿಲ್ಲ, ತರಿಸಿದೆವು, ಬರಲು ಒಂಬತ್ತು ದಿನ ಆಯಿತು. ಏಡಿ ಏಳನೇ ದಿನ ಸತ್ತಿತು, ಇಟ್ಟಿಗೆ ಮೇಲೆ ಕಾಲು ಮಡಚಿಕೊಂಡು. ಔಷಧದ ರಾತ್ರಿ ಬಕೆಟ್‌ಗೆ ಇಟ್ಟಾಗಲೇ ನನಗೆ ಜಾತಿ ಗೊತ್ತಾಗಿತ್ತು. ಅಂದೇ ಉಪ್ಪು ತರಿಸಬೇಕಿತ್ತು. ಕ್ರೇಫಿಶ್ ಉಳಿಸುವ ಗಡಿಬಿಡಿಯಲ್ಲಿ ಎರಡು ವಾರ ತಡ ಮಾಡಿದೆ.

ಇದಾದ ಮೇಲೆ ಹುಡುಗ ಹಳ್ಳಕ್ಕೆ ಹೋಗಿ ನಮ್ಮ ಕಡೆಯ ಏಡಿ ಹಿಡಿದು ತರ್ತೀನಿ ಅಂದ. ಅದು ಸಿಹಿನೀರಿನದು ನಿಜ, ಆದರೆ ಅದಕ್ಕೂ ಬಿಲ ತೋಡಲು ಮಣ್ಣು ಬೇಕು, ಗಾಳಿಗೆ ಬರಬೇಕು, ಮೀನನ್ನಂತೂ ಬಿಡುವುದೇ ಇಲ್ಲ. ಬೇಡ ಅಂದೆ, ಒಪ್ಪಿದ.

ಒಟ್ಟಿಗೇ ಇಡಬೇಕು ಅನ್ನುವವರಿಗೆ ದಾರಿ ಇಲ್ಲ ಅಂತಲ್ಲ. ಮೆಕ್ಸಿಕೋದ ಪಾಟ್ಸ್‌ಕ್ವಾರೋ ಸರೋವರದ ಕಿತ್ತಳೆ ಬಣ್ಣದ ಕುಳ್ಳ ಕ್ರೇಫಿಶ್ ಇದೆ, ನಾಲ್ಕೈದು ಸೆಂಟಿಮೀಟರ್‌ಗಿಂತ ಜಾಸ್ತಿ ಬೆಳೆಯುವುದಿಲ್ಲ, ಚುರುಕಾದ ಚಿಕ್ಕ ಮೀನುಗಳ ಜೊತೆ ಇರುತ್ತದೆ. ಏಡಿಯಲ್ಲಿ ಥಾಯ್ ಮೈಕ್ರೋ ಏಡಿ ಪೂರ್ತಿ ನೀರಿನಲ್ಲೇ ಬದುಕುವುದು, ಬೆರಳಿನ ಉಗುರಿನಷ್ಟು ಗಾತ್ರ, ಯಾರಿಗೂ ತೊಂದರೆ ಕೊಡದ್ದು. ಅದನ್ನು ಬೇರೆಯವರಿಂದ ಕಾಪಾಡಬೇಕಾಗುತ್ತದೆ. ಇವೆರಡೂ ಅಗ್ಗಕ್ಕೆ ಸಿಗುವುದಿಲ್ಲ, ಸಿಕ್ಕರೂ ಹೆಸರು ಖಚಿತ ಮಾಡಿಕೊಂಡೇ ತರಬೇಕು.

ಆಮೇಲೆ

ಟ್ಯಾಂಕ್ ಬೇರೆ ಮಾಡಿದ ಮೂರು ವಾರಕ್ಕೆ ಏಂಜಲ್‌ಗಳ ಬಾಲ ಔಷಧ ಇಲ್ಲದೆ ತಾನಾಗಿ ಬೆಳೆಯಿತು. ಉಳಿದ ಎರಡು ಕೋರಿಡೋರಾಸ್ ಜೊತೆಗೆ ಇನ್ನೂ ನಾಲ್ಕು ತಂದರು.

ಬೇಸಿಗೆ ಕಷ್ಟದ್ದೇ ಆಯಿತು. ಹೊರಗೆ 42, 43 ಡಿಗ್ರಿ ಇರುವಾಗ ಟ್ಯಾಂಕ್ ನೀರು 33ಕ್ಕೆ ಹೋಗುತ್ತಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮುಚ್ಚಳದ ಒಂದು ಭಾಗ ತೆಗೆದು ಜಾಳಿಗೆ ಬಿಗಿದು, ಅದರ ಮೇಲೆ ಟೇಬಲ್ ಫ್ಯಾನ್ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತಿತ್ತು. ಮಧ್ಯಾಹ್ನ ಕರೆಂಟ್ ಹೋದಾಗ ಫ್ರಿಜ್‌ನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿ ತೇಲಿಬಿಡುತ್ತಿದ್ದರು. ಮೇ ತಿಂಗಳಲ್ಲಿ ಮನೆಯವರೆಲ್ಲ ಮದುವೆಗೆ ಬೀದರ್‌ಗೆ ಹೋದಾಗ ಅಜ್ಜ ಒಬ್ಬರೇ ಉಳಿದು ಬಾಟಲಿ ಬದಲಿಸಿದರು.

ಜೂನ್‌ನಲ್ಲಿ ಕ್ರೇಫಿಶ್ ಚಿಪ್ಪು ಕಳಚಿತು. ಈ ಸಲ ಯಾರೂ ಕೈ ಹಾಕಲಿಲ್ಲ. ಹೊಸ ಚಿಪ್ಪು ಗಟ್ಟಿಯಾದ ಮೇಲೆ ಹುಡುಗ ಒಂದು ಫೋಟೋ ಕಳಿಸಿದ: ಎರಡೂ ಇಕ್ಕಳದ ಹೊರ ಅಂಚಿನಲ್ಲಿ ಉಗುರಿನಷ್ಟು ಕೆಂಪು ಮೆತ್ತನೆಯ ಪಟ್ಟಿ. ಆಗ ಜಾತಿ ಖಚಿತವಾಯಿತು. ಇದು ಆಸ್ಟ್ರೇಲಿಯಾದ ಉತ್ತರ ಭಾಗದ ರೆಡ್‌ಕ್ಲಾ. ಆ ಕೆಂಪು ಪಟ್ಟಿ ಬರುವುದು ಪ್ರಾಯಕ್ಕೆ ಬಂದ ಗಂಡಿಗೆ ಮಾತ್ರ. ಅಲ್ಲಿ ತಿನ್ನಲು ಸಾಕುವ ಪ್ರಾಣಿ ಇದು, ಒಂದು ಗೇಣಿಗಿಂತ ಉದ್ದ, ಅರ್ಧ ಕೆಜಿ ತೂಕದವರೆಗೂ ಬೆಳೆಯಬಲ್ಲದು. ಎರಡು ಅಡಿಯ ಟ್ಯಾಂಕ್ ಅದಕ್ಕೆ ಸಾಲುವುದಿಲ್ಲ. ಉಷ್ಣವಲಯದ್ದು ಆಗಿದ್ದರಿಂದ ನಮ್ಮ ಬೇಸಿಗೆ ತಡೆದುಕೊಂಡಿತು ಅನ್ನುವುದೂ ಆಗಲೇ ಹೊಳೆದದ್ದು.

ಈಗ ಮೂರು ಅಡಿಯ ಟ್ಯಾಂಕ್ ಖಾಲಿ ಮಾಡಿ, ಹಳೆಯ ಗ್ರ್ಯಾವೆಲ್ ಎಸೆದು, ಗಾಜು ತೊಳೆದು ಕ್ರೇಫಿಶ್‌ಗೆ ಕೊಟ್ಟಿದ್ದಾರೆ. ಏಂಜಲ್‌ಗಳು ನನ್ನ ಮನೆಗೆ ಬಂದವು. ಗಪ್ಪಿ, ಮಾಲಿ, ಕೋರಿಡೋರಾಸ್ ಎರಡು ಅಡಿಯದಕ್ಕೆ ಹೋದವು. ಹೋದ ವಾರ ಅವರ ಮನೆಗೆ ಹೋದಾಗ ರಾತ್ರಿ ಹತ್ತೂವರೆ ಆಗಿತ್ತು. ಟಾರ್ಚ್‌ಗೆ ಇನ್ನೂ ಅದೇ ಕೆಂಪು ಕಾಗದ. ಹುಡುಗ, ಅಜ್ಜ ಇಬ್ಬರೂ ಚಾಪೆ ಮೇಲೆ ಕೂತಿದ್ದರು, ಕ್ರೇಫಿಶ್ ಶಹಾಬಾದ್ ಕಲ್ಲಿನ ಚಪ್ಪಡಿ ಮೇಲೆ ಹತ್ತಿ ಪಾಲಕ್ ಎಲೆಯ ದಂಟನ್ನು ಎರಡು ಕಾಲಿನಲ್ಲಿ ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು.